ಕಾಲುವೆಯಲ್ಲಿ ಹೋದ ಮುಖ

ಅವರು ಏನನ್ನು ಮುಟ್ಟುವುದಿದ್ದರೂ ಮೊದಲು ಬೆರಳಿನ ಹಿಂಬದಿಯಿಂದ ಮುಟ್ಟುತ್ತಿದ್ದರು. ಚಹಾದ ಗ್ಲಾಸು, ಬೇರೆಯವರ ಮನೆಯ ಕಬ್ಬಿಣದ ಗೇಟು, ಆಗಷ್ಟೇ ಸೀಳಿದ ಬೇವಿನ ತುಂಡು, ಎಲ್ಲಕ್ಕೂ ಅದೇ ರೂಢಿ. ನೌಕರಿ ಇದ್ದಷ್ಟು ದಿನ ಕರೆಂಟಿನ ಕಂಬ ಹತ್ತಿದ ಮನುಷ್ಯ. ಅಂಗೈಯಲ್ಲಿ ಹಿಡಿದರೆ ತಂತಿ ಬಿಡುವುದಿಲ್ಲ, ಹಿಂಗೈ ತಾಗಿದರೆ ಕೈ ತಾನೇ ಹಿಂದಕ್ಕೆ ಜಿಗಿಯುತ್ತದೆ ಎಂದು ನನಗೆ ಹೇಳಿದವರು ಅವರೇ. ಲೈನ್ ಬಂದ್ ಆಗಿದೆ ಎಂದು ಯಾರು ಹೇಳಿದರೂ ನಂಬಬಾರದು, ತಾನೇ ಖಾತ್ರಿ ಮಾಡಿಕೊಳ್ಳಬೇಕು ಎನ್ನುತ್ತಿದ್ದರು. ಕರೆಂಟಿನ ವಿಷಯಕ್ಕೆ ಮಾತ್ರ ಅಲ್ಲ, ಎಲ್ಲ ವಿಷಯಕ್ಕೂ ಅವರ ನಡೆ ಹಾಗೆಯೇ ಇತ್ತು.

ಹೋದ ತಿಂಗಳು ತೀರಿಕೊಂಡರು. ನಮ್ಮ ಕೆತ್ತನೆ ಕೂಟದವರು ಅವರ ಬಗ್ಗೆ ಏನಾದರೂ ಬರೆಯಲು ನನಗೆ ಹೇಳಿದರು. ನಾನು ದೊಡ್ಡವನಾದ ಮೇಲೆ ಸಾಲಿ ಕಲಿತವನು, ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಆದರೂ ಕಾಲುವೆ ಕೊನೆಯ ಒಂದು ಊರಿಗೆ ಹೋದ ದಿನ ಅವರ ಜೊತೆ ಇದ್ದವನು ನಾನೊಬ್ಬನೇ, ಆದ್ದರಿಂದ ನಾನೇ ಬರೆಯಬೇಕು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಆ ಊರಿನ ಹೆಸರೂ ಹೊರಗೆ ಬರುತ್ತದೆ. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು, ಅಷ್ಟು ಸಾಕು.

ಸಿಂಧನೂರಿನಲ್ಲಿ ಕಟ್ಟಿಗೆ ಕೊಯ್ದು ಮಾರುವ ನನ್ನದೊಂದು ಅಡ್ಡಾ ಇದೆ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಭಾನುವಾರ ಮುಂಜಾನೆ ನಾವು ಕೂಡುತ್ತೇವೆ. ಉಳಿ ಹಿಡಿಯುವುದನ್ನು ಕಲಿಸುವವನು ಬಡಿಗೇರ ಮಾವ. ಅವನದು ತಲೆತಲಾಂತರದ ಕಸುಬು. ಉಳಿದವರೆಲ್ಲ ನಮ್ಮಂಥ ಹವ್ಯಾಸಿಗಳು. ಒಬ್ಬ ಡ್ರಾಯಿಂಗ್ ಮಾಸ್ತರರು, ಒಬ್ಬ ಮೆಡಿಕಲ್ ಅಂಗಡಿಯವರು, ಒಂದಿಬ್ಬರು ಬಂದು ಹೋಗುವವರು. ನಿವೃತ್ತಿಯಾದ ಮೇಲೆ ಕಾಕಾ ಸೇರಿದರು. ಸೌಟು, ಮಣೆ, ಎತ್ತು, ನವಿಲು ಕೆತ್ತುತ್ತೇವೆ. ಏಳುವ ಮೊದಲು ಎಲ್ಲರ ಕೆಲಸವನ್ನೂ ನಡುವೆ ಇಟ್ಟು, ಪ್ರತಿಯೊಬ್ಬರೂ ಒಂದೊಂದು ತಪ್ಪು ಹೇಳಬೇಕು. ಹೊಗಳುವಂತಿಲ್ಲ. ಇದು ಮಾವ ಹಾಕಿದ ಕಟ್ಟಳೆ.

ಈ ತಪ್ಪು ಹೇಳುವ ಹೊತ್ತು ಕಾಕಾ ಅವರದು. ಒಮ್ಮೆ ಮಾಸ್ತರರ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಎಮ್ಮಿ ಚೊಲೋ ಬಂದೈತಿ ಸರ್, ಕೋಡು ಒಂದೀಟು ಸಣ್ಣು ಆಗ್ಯಾವು" ಎಂದರು. ಅದು ಸೊಂಡಿಲು ಮುರಿದ ಆನೆ. ಮಾಸ್ತರರು ಮುಂದಿನ ಭಾನುವಾರ ಬರಲಿಲ್ಲ. ಲಿಂಗಸುಗೂರಿನಲ್ಲಿ ನಮ್ಮ ಕೆಲಸಗಳ ಪ್ರದರ್ಶನ ಇಟ್ಟಾಗ ಒಬ್ಬ ದೊಡ್ಡ ಸಾಹೇಬರು ಒಂದು ಬಾಗಿಲ ಪಟ್ಟಿಯನ್ನು ಮೆಚ್ಚಿ, ಸಾಗವಾನಿ ಅಲ್ಲವೇ ಎಂದು ಕೇಳಿದರು. ನಾವೆಲ್ಲ ತಲೆ ಆಡಿಸುವ ಹಂತದಲ್ಲಿದ್ದೆವು. "ಬೇವು ರೀ, ಹುಳಾ ಬಿದ್ದದ್ದು" ಎಂದರು ಕಾಕಾ. ಸಾಹೇಬರು ಮುಂದಕ್ಕೆ ನಡೆದರು. ಆಮೇಲೆ ನಾನು ಯಾಕೆ ಕಾಕಾ ಎಂದು ಗೊಣಗಿದ್ದಕ್ಕೆ, ಅವರು ಕೇಳಿದರು, ಅದಕ್ಕೆ ಹೇಳಿದೆ ಎಂದರು. ಕೇಳದಿದ್ದರೆ ತಾವಾಗಿ ಏನನ್ನೂ ಹೇಳುವವರಲ್ಲ. ಅವರ ಹೆಂಡತಿ ತೀರಿಕೊಂಡದ್ದು ನಮಗೆ ತಿಳಿದದ್ದೂ ಕೇಳಿದ ಮೇಲೆಯೇ.

ಆ ಹೆಣ್ಣುಮಗಳು ಮಸ್ಕಿ ಕಡೆಯ ಒಣ ಊರಿನವಳು. ಕಾಕಾಗೆ ನೌಕರಿ ಗಟ್ಟಿಯಾಗುವವರೆಗೆ ಹೆಂಗಸರ ಗ್ಯಾಂಗಿನ ಜೊತೆ ಲಾರಿಯಲ್ಲಿ ನಿಂತು ಕಾಲುವೆ ಊರುಗಳಿಗೆ ಭತ್ತದ ನಾಟಿ ಹಚ್ಚಲು, ಕೊಯ್ಯಲು ಬರುತ್ತಿದ್ದಳಂತೆ. ಅವಳದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಬರೀ ಕಪ್ಪು ಮಸಿ. ಮಕ್ಕಳಿಲ್ಲ, ಅವಳ ಕಡೆಯವರು ಯಾರೂ ಉಳಿದಿರಲಿಲ್ಲ. ಅವಳ ಮುಖ ಹೇಗಿತ್ತು ಎಂದು ತಿಳಿದಿದ್ದ ಮನುಷ್ಯ ಈ ಲೋಕದಲ್ಲಿ ಕಾಕಾ ಒಬ್ಬರೇ ಎಂದು ನಾವು ಅಂದುಕೊಂಡಿದ್ದೆವು.

ಆ ಮುಖವನ್ನು ಅವರು ಬೇವಿನ ಒಂದು ದಪ್ಪ ದಿಮ್ಮಿಯಲ್ಲಿ ಕೆತ್ತಲು ಹಿಡಿದರು. ಎದೆಯೆತ್ತರದ ದಿಮ್ಮಿ. ಬೇರೆ ಕೆಲಸ ಎಲ್ಲ ಬಿಟ್ಟರು. ಎಡಗಡೆಯ ಕೆನ್ನೆ, ಕಿವಿ, ಕಣ್ಣು, ಹುಬ್ಬಿನ ಮೇಲಿನ ಒಂದು ಗೀರು, ನಗುವಿಗಿಂತ ಮೊದಲು ಬಾಯಿ ತುಸು ಓರೆಯಾಗುವ ಬಗೆ, ಎಲ್ಲ ಮೂಡಿದವು. ಬಲಗಡೆ ಇನ್ನೂ ಮರವೇ ಇತ್ತು. ಭಾನುವಾರ ಆ ದಿಮ್ಮಿಯನ್ನು ನಡುವೆ ಇಟ್ಟು ತಪ್ಪು ಹೇಳಿರಿ ಎನ್ನುತ್ತಿದ್ದರು. ನಾವು ಏನು ಹೇಳುವುದು? ನಾವು ಯಾರೂ ಅವಳನ್ನು ಕಂಡಿರಲಿಲ್ಲ. ಮೂಗಿನ ಬಗ್ಗೆ ಅವರಿಗೇ ಸಮಾಧಾನ ಇರಲಿಲ್ಲ. ಉಳಿ ಹಿಡಿದುಕೊಂಡು ಬಹಳ ಹೊತ್ತು ಕೂತು, ಏನೂ ಮಾಡದೆ ಎದ್ದು ಹೋಗುತ್ತಿದ್ದರು. ಒಮ್ಮೊಮ್ಮೆ ನಮ್ಮ ಮೇಲೆ ಸಿಟ್ಟಾಗುತ್ತಿದ್ದರು, ಅವಳನ್ನು ನೋಡದೆ ಇದ್ದದ್ದು ನಮ್ಮ ತಪ್ಪು ಎಂಬಂತೆ.

ಬೇಸಿಗೆ ಇನ್ನೂ ಶುರುವಾಗಿರಲಿಲ್ಲ, ದಿಮ್ಮಿಯ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಹಸಿ ಮರ, ಒಣಗುವಾಗ ಸೀಳುತ್ತದೆ. ಮಾವ ನೋಡಿ, ಹರಿಯುವ ನೀರಿನಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಒಳಗಿನ ರಸ ಹೋಗಿ ಬಿರುಕು ನಿಲ್ಲುತ್ತದೆ ಎಂದ. ಅವನ ಅಪ್ಪ ಅಜ್ಜ ಎಲ್ಲ ಹಾಗೇ ಮಾಡಿದವರು. ನಾವು ಅದನ್ನು ಊರ ಹೊರಗಿನ ಉಪಕಾಲುವೆಯ ಮೆಟ್ಟಿಲ ಹತ್ತಿರ ನೀರಿಗೆ ಬಿಟ್ಟು, ಕಬ್ಬಿಣದ ಸರಳಿಗೆ ನೈಲಾನ್ ಹಗ್ಗದಿಂದ ಕಟ್ಟಿದೆವು. ಕಾಲುವೆಗೆ ಪಾಳಿ ಪ್ರಕಾರ ನೀರು ಬಿಡುವ ಆ ಸರತಿಯಲ್ಲಿ ನೀರು ಮೊಣಕಾಲಿನಷ್ಟೇ ಇತ್ತು.

ಅದೇ ವಾರ ಕಾಲುವೆಯ ಕೊನೆ ಭಾಗದ ಊರಿನವರು ನೀರು ಮುಟ್ಟಿಲ್ಲ, ನಾಟಿ ಒಣಗುತ್ತಿದೆ ಎಂದು ರಸ್ತೆಗೆ ಕುಳಿತರು. ಬಸ್ಸುಗಳು ತುರ್ವಿಹಾಳದ ಆಚೆಯೇ ನಿಂತವು. ನೀರಾವರಿ ಇಲಾಖೆಯವರು ಒಮ್ಮೆಲೇ ಜಾಸ್ತಿ ನೀರು ಬಿಟ್ಟರು. ಮರುದಿನ ನಾವು ಹೋಗಿ ನೋಡಿದಾಗ ಕಾಲುವೆ ದಂಡೆ ಸಮ ಹರಿಯುತ್ತಿತ್ತು. ಸರಳಿನಲ್ಲಿ ಹಗ್ಗದ ತುದಿ ಮಾತ್ರ ಉಳಿದಿತ್ತು.

ಕಾಕಾ ನನ್ನ ಬೈಕಿನ ಹಿಂದೆ ಕೂತು ದಂಡೆಯ ಗುಂಟ ಹುಡುಕಿದರು. ಸಿಗಲಿಲ್ಲ. ಕೆಲವು ದಿನಗಳ ಮೇಲೆ ನನ್ನ ಅಡ್ಡಾಕ್ಕೆ ಕಟ್ಟಿಗೆ ಕೊಯ್ಯಿಸಲು ಬಂದ ಟ್ರ್ಯಾಕ್ಟರ್ ಡ್ರೈವರ್ ಒಂದು ಸುದ್ದಿ ಹೇಳಿದ. ಕೊನೆ ಭಾಗದ ಊರಿನ ತೂಬಿಗೆ ನೀರಿನ ಜೊತೆ ಒಂದು ದೇವಿ ಬಂದಿದ್ದಾಳಂತೆ, ಅರ್ಧ ಮರ ಅರ್ಧ ಹೆಣ್ಣು, ಅವಳು ಬಂದ ದಿನವೇ ನೀರು ಬಂತಂತೆ. ಕಾಲುವೆವ್ವ ಎಂದು ಹೆಸರಿಟ್ಟು ಕಾಯಿ ಒಡೆಯುತ್ತಿದ್ದಾರಂತೆ. ಕಾಕಾ ಅಲ್ಲೇ ಕೂತು ಉಳಿ ಮಸೆಯುತ್ತಿದ್ದರು. ಮಸೆಯುವುದು ನಿಂತಿತು.

ನಾವು ಹೋದೆವು. ಕಾಲುವೆ ಮುಗಿಯುವಲ್ಲಿ ಬನ್ನಿ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ದಿಮ್ಮಿ ನಿಂತಿತ್ತು. ಹಸಿರು ಖಣ ಸುತ್ತಿದ್ದರು. ಹಣೆಯ ತುಂಬ ಕುಂಕುಮ, ಕೆನ್ನೆಗೆ ಅರಿಷಿಣ. ಹೆಂಗಸರು ಸರತಿಯಲ್ಲಿ ನಿಂತು ಕೈ ಮುಗಿಯುತ್ತಿದ್ದರು. ಕಾಕಾ ಹತ್ತಿರ ಹೋಗಿ, ತಮ್ಮ ರೂಢಿಯಂತೆ ಬೆರಳಿನ ಹಿಂಬದಿಯನ್ನು ಆ ಕೆನ್ನೆಯ ಕಡೆ ಚಾಚಿದರು. ಒಬ್ಬ ಹುಡುಗ ಮುಟ್ಟಬೇಡಿ, ಪೂಜೆ ಮಾಡುವ ಅಜ್ಜಿಯ ಹೊರತು ಯಾರೂ ಮುಟ್ಟುವಂತಿಲ್ಲ ಎಂದು ತಡೆದ. ಅವರು ಕೈ ಹಿಂದಕ್ಕೆ ತಗೊಂಡರು. ಮುಂದಿನ ಶುಕ್ರವಾರ ಸಿಮೆಂಟ್ ಹಾಕಿ ಗಟ್ಟಿಯಾಗಿ ಕೂಡಿಸುತ್ತೇವೆ, ಆಯಿಲ್ ಪೇಂಟ್ ಹೊಡೆಸುತ್ತೇವೆ, ಬೆಳ್ಳಿ ಕಣ್ಣು ಹಚ್ಚಿಸುತ್ತೇವೆ ಎಂದು ಆ ಹುಡುಗನೇ ಖುಷಿಯಿಂದ ಹೇಳಿದ. ನಾವು ಹಾಗೇ ಹಿಂದಿರುಗಿದೆವು.

ಆ ಭಾನುವಾರ ಶೆಡ್ಡಿನಲ್ಲಿ ಯಾರೂ ಉಳಿ ಹಿಡಿಯಲಿಲ್ಲ. ಅಲ್ಲಿಯೇ ಇರಲಿ ಬಿಡು, ಇನ್ನೊಂದು ಕೆತ್ತು, ಮರ ನಾನು ಕೊಡಿಸುತ್ತೇನೆ ಎಂದ ಮಾವ.

"ಇನ್ನೊಂದು ಕೆತ್ತಾಕ ನನ್ನ ಹಂತ್ಯಾಕ ಏನೂ ಉಳಿದಿಲ್ಲ ಮಾವ. ನೆನಪಿದ್ದದ್ದೆಲ್ಲಾ ಅದ್ರಾಗ ಹಾಕೀನಿ."

ಮಾವ ದನಿ ಸಣ್ಣದು ಮಾಡಿದ. "ಅಲ್ಲಿ ಹೋಗಿ ಏನ್ ಹೇಳ್ತಿ? ನೀವು ಕಾಯಿ ಒಡದದ್ದು ನಮ್ಮ ಕೇರಿ ಹೆಣ್ಣಮಗಳಿಗೆ ಅಂತೀಯೇನು? ಅಂದು ನೆಟ್ಟಗ ಮನಿಗೆ ಬರ್ತೀಯೇನು?"

"ಕೇಳಿದ್ರ ಹೇಳ್ತೀನಿ."

"ಸುಳ್ಳು ಹೇಳು. ಒಂದ್ ಸಲ ಹೇಳಿದ್ರ ಏನಾಕ್ಕತಿ?"

ಕಾಕಾ ಅವರ ಮನೆತನ ಊರ ಹೊರಗಿನ ಕೇರಿಯದು. ಅವರು ಚಿಕ್ಕ ವಯಸ್ಸಿನಲ್ಲೇ ದೇವರು ದಿಂಡರನ್ನೆಲ್ಲ ಬಿಟ್ಟು ಬೌದ್ಧರಾದವರು. ಬದುಕಿದ್ದಾಗ ಅಂಥ ಕಟ್ಟೆಯ ಮೇಲೆ ಊರವರು ಅವಳನ್ನು ಕಾಲಿಡಲು ಬಿಡುತ್ತಿರಲಿಲ್ಲ, ಗದ್ದೆಯಲ್ಲಿ ಬೊಗಸೆಗೆ ಮೇಲಿನಿಂದ ನೀರು ಹಾಕುತ್ತಿದ್ದರು ಎಂದಷ್ಟೇ ಹೇಳಿದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಅವಳು ದೇವರಾಗುವುದು ತನಗೆ ಬೇಡ, ಅವಳು ಮನೆಗೆ ಬಂದರೆ ಸಾಕು ಎಂದರು. ಮಾವ ನಮ್ಮ ಜೊತೆ ಬರಲಿಲ್ಲ. ಅವನ ಮಗಳನ್ನು ಅದೇ ಊರಿಗೆ ಕೊಟ್ಟಿದ್ದಾನೆ. ನಾನು ಅವನನ್ನು ದೂರುವುದಿಲ್ಲ.

ಗುರುವಾರ ಬೆಳಿಗ್ಗೆ ಸಣ್ಣ ಟೆಂಪೊ ತಗೊಂಡು ಹೋದೆವು. ಬಳಗಾನೂರು ದಾಟುವವರೆಗೂ ಕಾಕಾ ಕಿಟಕಿಯ ಹೊರಗೇ ನೋಡುತ್ತಿದ್ದರು. ಅಲ್ಲಿಂದ ಮುಂದೆ ನಾನು ಟೆಂಪೊವನ್ನು ನಿಧಾನ ಓಡಿಸಿದೆ. ಕಟ್ಟೆಯ ಹತ್ತಿರ ಆಗಲೇ ಉಸುಕು, ಸಿಮೆಂಟಿನ ಚೀಲ ಬಂದು ಬಿದ್ದಿದ್ದವು. ಗಂಡಸರು ಸೇರಿದ್ದರು. ಕೆತ್ತನೆಯವರು ಬಂದಿದ್ದಾರೆ ಎಂದು ತಿಳಿದು, ಊರ ಹಿರಿಯರಾದ ಗೌಡರು ನಮ್ಮನ್ನು ಮರ್ಯಾದೆಯಿಂದ ಕೂಡಿಸಿದರು. ಅವ್ವನ ಬಲಗಣ್ಣು ತೆರೆದಿಲ್ಲ, ನೀವೇ ಬಿಡಿಸಿಕೊಡಿ ಎಂದರು.

ಕಾಕಾ ಎದ್ದು ನಿಂತರು. "ಗೌಡ್ರ, ಇದು ನಾ ಕೆತ್ತಿದ್ದು ರೀ. ಬಿರಕು ಬಿಟ್ಟಿತ್ತು ಅಂತ ನೀರಾಗ ಇಟ್ಟಿದ್ದೆ, ಹರಕೊಂಡು ಬಂದೈತಿ. ನನ್ನ ಹೆಣ್ತಿ ಮುಖ ಇದು. ಒಯ್ಯಾಕ ಬಂದೀನಿ."

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲರೂ ಕೂಡಿಯೇ ಮಾತಾಡಲು ಶುರು ಮಾಡಿದರು. ಸುಳ್ಳು, ಅವ್ವನನ್ನು ತಮ್ಮ ಊರಿಗೆ ಒಯ್ಯಲು ಆಟ ಹೂಡಿದ್ದಾರೆ ಎಂದ ಒಬ್ಬ. ಕಾಲುವೆಯ ಮೇಲಿನ ಭಾಗದವರು ಕಳಿಸಿದ್ದಾರೆ, ಇವಳು ಹೋದರೆ ನೀರೂ ಹೋಗುತ್ತದೆ ಎಂದ ಇನ್ನೊಬ್ಬ. ಹೋದ ಸಲ ತಡೆದ ಹುಡುಗ ಬಂದು ಕಾಕಾ ಅವರ ಅಂಗಿಯ ಕಾಲರು ಹಿಡಿದ. ನಾನು ನಡುವೆ ಹೋದೆ, ನನ್ನನ್ನು ದಬ್ಬಿದರು. ಕಾಕಾ ಕೈ ಎತ್ತಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ದಿಮ್ಮಿಯ ಕಡೆಯೇ ನೋಡುತ್ತಿದ್ದರು.

ಹಿರಿಯರು ಎಲ್ಲರನ್ನೂ ಸುಮ್ಮನಿರಿಸಿದರು. ಅವರು ಕಾಕಾ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಮುಂದೆ ಯಾವ ಪ್ರಶ್ನೆ ಬರುತ್ತದೆ ಎಂದು ನನಗೆ ತಿಳಿದುಬಿಟ್ಟಿತು. ಟೆಂಪೊದ ಬಾಗಿಲು ಎಷ್ಟು ದೂರ ಇದೆ ಎಂದು ತಿರುಗಿ ನೋಡಿದೆ.

"ನೀವು ಯಾರ ಪೈಕಿ?"

ಕಾಕಾ ತಮ್ಮ ಕೇರಿಯ ಹೆಸರು ಹೇಳಿದರು. ಜಾತಿಯ ಹೆಸರನ್ನೂ ಹೇಳಿದರು. ಈಗ ಬೌದ್ಧರು ಎಂದೂ ಸೇರಿಸಿದರು. ಕೇಳಿದವರಿಗೆ ಊರ ದಾರಿ ಹೇಳುವಷ್ಟೇ ಸಲೀಸಾಗಿ ಹೇಳಿದರು.

ಕಾಲರು ಹಿಡಿದವನು ಕೈ ಬಿಟ್ಟ. ಬಿಟ್ಟು ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕಟ್ಟೆಯ ಸುತ್ತ ನಿಂತಿದ್ದ ಕೆಲವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು, ದಿಮ್ಮಿಗೆ ಬೆಂಕಿ ಹತ್ತಿದೆಯೇನೋ ಎಂಬಂತೆ. ಹಿಂದಿನಿಂದ ಒಂದು ದನಿ, ಸುಟ್ಟುಬಿಡಿ, ಇಲ್ಲೇ ಸುಟ್ಟು ಬೂದಿ ಕಾಲುವೆಗೆ ಹಾಕಿರಿ ಎಂದಿತು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಒಬ್ಬ ಬಣವೆಯ ಕಡೆ ಹೋಗಿ ಹುಲ್ಲಿನ ಹೊರೆ ಎಳೆಯಲು ಶುರು ಮಾಡಿದ. ಆಗ ಕಾಕಾ ಕಟ್ಟೆ ಹತ್ತಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ದಿಮ್ಮಿಯ ಮುಂದೆ, ಅದಕ್ಕೆ ಬೆನ್ನು ಕೊಟ್ಟು, ಮಂದಿಗೆ ಮುಖ ಮಾಡಿ ನಿಂತರು.

ದಿನವೂ ಆ ದಿಮ್ಮಿಗೆ ನೀರು ಹಾಕಿ ಕುಂಕುಮ ಹಚ್ಚುತ್ತಿದ್ದ ಅಜ್ಜಿ ಅಷ್ಟು ಹೊತ್ತು ಕಟ್ಟೆಯ ಅಂಚಿನಲ್ಲೇ ಕೂತಿದ್ದಳು. ಆ ಗೌಡರ ದೊಡ್ಡಮ್ಮ ಎಂದು ಆಮೇಲೆ ತಿಳಿಯಿತು. ಮೊಣಕಾಲಿಗೆ ಕೈ ಊರಿ ಎದ್ದು ಕಾಕಾ ಹತ್ತಿರ ಬಂದಳು.

"ಹುಬ್ಬಿನ ಮ್ಯಾಲಿನ ಗೀರು ಯಾಕ ಹಾಕೀದಿ?"

"ಇತ್ತು ಯವ್ವಾ. ಕುಡಗೋಲು ತಾಗಿದ್ದು."

"ನಮ್ಮ ಗದ್ದ್ಯಾಗ ತಾಗಿದ್ದು ಅದು. ನನ್ನ ಸೆರಗು ಹರದು ನಾನ ಕಟ್ಟಿದ್ದೆ." ಅಜ್ಜಿ ದಿಮ್ಮಿಯ ಮೂಗನ್ನು ಹೆಬ್ಬೆರಳಿನಿಂದ ಸವರಿದಳು. "ಮೂಗು ತಪ್ಪು ಮಾಡೀದಿ. ಅಕಿಂದು ಇಷ್ಟು ನೆಟ್ಟಗ ಇರಲಿಲ್ಲ. ತುದಿಗೆ ಒಂದೀಟು ಮ್ಯಾಲಕ್ಕ ಇತ್ತು. ನಾಟಿ ಹಾಡಿನ್ಯಾಗ ಎಲ್ಲಾರೂ ಅದನ್ನ ಹಿಡದು ಕಾಡಿಸ್ತಿದ್ರು."

ಅಷ್ಟು ದಿನ ನಾವು ಯಾರೂ ಹೇಳಲಾಗದಿದ್ದ ತಪ್ಪು ಅದು. ಕಾಕಾ ಅವರ ಕಣ್ಣು ತುಂಬಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಮೊದಲ ದಿನವೇ ಎಲ್ಲೋ ಕಂಡ ಮುಖ ಅನ್ನಿಸಿತ್ತು, ದೇವರ ಮುಖಗಳು ಹಾಗೆ ಅನ್ನಿಸುತ್ತವೆ ಎಂದು ಸುಮ್ಮನಿದ್ದೆ ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಹುಲ್ಲು ತರುತ್ತಿದ್ದವನ ಕಡೆ ತಿರುಗಿದಳು.

"ಹುಲ್ಲು ದನಕ್ಕ ಹಾಕಲೇ. ಗಂಡ ಕರಿಯಾಕ ಬಂದಾನ, ಉಡಿ ತುಂಬಿ ಕಳಸೂದು ಬಿಟ್ಟು ಸುಡ್ತೀರೇನು?"

ತವರಿಂದ ಮಗಳನ್ನು ಕಳಿಸುವಾಗ ಮಾಡುವುದನ್ನೆಲ್ಲ ಅವಳು ಮಾಡಿದಳು. ಸೊಸೆಯನ್ನು ಮನೆಗೆ ಅಟ್ಟಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಹೊಸ ಖಣ ತರಿಸಿದಳು. ದಿಮ್ಮಿಗೆ ಸುತ್ತಿದ್ದ ಬಟ್ಟೆಯನ್ನೇ ಉಡಿಯ ಹಾಗೆ ಗಂಟು ಹಾಕಿ ಅದರಲ್ಲಿ ತುಂಬಿದಳು. ಬೇರೆ ಹೆಂಗಸರಲ್ಲಿ ಇಬ್ಬರು ಕೈಗೂಡಿಸಿದರು, ಉಳಿದವರು ದೂರವೇ ನಿಂತರು. ಹಿರಿಯರು ತಲೆ ತಗ್ಗಿಸಿ ಕೂತರು. ಯಾವ ಗಂಡಸೂ ದಿಮ್ಮಿ ಎತ್ತಲು ಬರಲಿಲ್ಲ. ನಾನು, ಕಾಕಾ, ಅಜ್ಜಿಯ ಸೊಸೆ ಮೂವರೂ ಎತ್ತಿ ಟೆಂಪೊಕ್ಕೆ ಹಾಕಿದೆವು.

ಟೆಂಪೊ ತಿರುಗಿಸುವಾಗ ಕನ್ನಡಿಯಲ್ಲಿ ಕಂಡೆ. ಆಗಲೇ ಕಾಲುವೆಯಿಂದ ಕೊಡ ತಂದು ಕಟ್ಟೆ ತೊಳೆಯುತ್ತಿದ್ದರು. ಹಿಂದೆ ದಿಮ್ಮಿಯ ಪಕ್ಕ ಕೂತಿದ್ದ ಕಾಕಾ ಆ ಕಡೆಯೇ ಮುಖ ಮಾಡಿದ್ದರು. ಅವರಿಗೂ ಕಂಡಿರಬೇಕು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವರ್ಷ ಅವರು ಮೂಗು ತಿದ್ದಿದರು. ಬಲಗಡೆಯನ್ನೂ ಬಿಡಿಸಿದರು. ಆ ಊರಿನ ಹುಡುಗರು ಸಿಂಧನೂರಿಗೆ ಬಂದಾಗ ನನ್ನ ಅಡ್ಡಾದ ಮುಂದೆ ಬೈಕ್ ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಮುಂದಿನ ಸರತಿ ನೀರು ಅವರ ಹೊಲಕ್ಕೆ ಸರಿಯಾಗಿ ಮುಟ್ಟಲಿಲ್ಲ ಎಂದು ಸುದ್ದಿ ಇತ್ತು. ಆದ್ದರಿಂದ ನಾಗರ ಪಂಚಮಿಯ ಮುಂಚೆ ಒಂದು ಮುಂಜಾನೆ ಕಾಕಾ ಫೋನ್ ಮಾಡಿ, ಆ ಊರಿನವರು ಬಂದಿದ್ದಾರೆ, ಬಾ ಎಂದಾಗ ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ.

ಮನೆಯ ಮುಂದೆ ಅಜ್ಜಿ, ಅವಳ ಸೊಸೆ ನಿಂತಿದ್ದರು. ಬುಟ್ಟಿಯಲ್ಲಿ ಶೇಂಗಾ ಉಂಡಿ, ಜೋಳದ ಅಳ್ಳು. ಕಾಕಾ ಹೊಸ್ತಿಲ ಒಳಗೆ ನಿಂತಿದ್ದರು.

"ಪಂಚಮಿಗೆ ಕರಿಯಾಕ ಬಂದೀವಿ" ಎಂದಳು ಅಜ್ಜಿ. "ಹೆಣ್ಣಮಕ್ಕಳೆಲ್ಲಾ ತವರಿಗೆ ಬಂದಾರ. ಅಕಿನೂ ಬರ್ಲಿ. ಕಟ್ಟಿ ಮ್ಯಾಲ ಅಲ್ಲ, ನನ್ನ ಮನ್ಯಾಗ ಇಟ್ಕೋತೀನಿ."

ಕಾಕಾ ಒಳಗೆ ಬನ್ನಿರಿ ಎಂದರು. ಅಜ್ಜಿ ಬಂದಳು, ಸೊಸೆ ಹೊಸ್ತಿಲಲ್ಲಿ ನಿಂತಳು. ಕಾಕಾ ಕೊಡದಿಂದ ಸ್ಟೀಲಿನ ಗ್ಲಾಸಿನಲ್ಲಿ ನೀರು ತಂದು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಗ್ಲಾಸು ನೋಡಿದಳು, ಕಾಕಾ ಅವರ ಮುಖ ನೋಡಿದಳು. ಅವಳು ಗ್ಲಾಸನ್ನು ತುಟಿಗೆ ಹಚ್ಚಿಯೇ ಕುಡಿದಳು, ಗಟಗಟ ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಸೊಸೆಗೂ ತಾ ಎಂದು ಗ್ಲಾಸು ವಾಪಸು ಕೊಟ್ಟಳು. ಕಾಕಾ ಮತ್ತೆ ತುಂಬಿ ತಂದರು. ಸೊಸೆ ಗ್ಲಾಸು ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಅವಳೂ ಕುಡಿದಳು.

ಕಾಕಾ ಹೋಗಿ ಗೋಡೆಗೆ ಆನಿಸಿದ್ದ ದಿಮ್ಮಿಯ ಧೂಳನ್ನು ಟವೆಲ್ಲಿನಿಂದ ಒರೆಸಿದರು. ಎರಡೂ ಕಣ್ಣು, ಎರಡೂ ಕೆನ್ನೆ, ತುದಿಗೆ ಮೇಲಕ್ಕೆದ್ದ ಮೂಗು. ಎಲ್ಲ ಒರೆಸಿ ಆದ ಮೇಲೆ ಅಜ್ಜಿಯ ಕಡೆ ತಿರುಗಿದರು.

"ಬಾಳ ದಿನ ಇಟ್ಕೋಬ್ಯಾಡ್ರಿ ಯವ್ವಾ. ಮನ್ಯಾಗ ನಾ ಒಬ್ಬನ ಇರ್ತೀನಿ."